ಸ್ಟಿಕ್ಕರ್ ಮಾಡಿದವರು ನಾವೇ

ಹೋದ ಸೆಮಿಸ್ಟರ್‌ನಲ್ಲಿ ನಮ್ಮ ಹಾಸ್ಟೆಲ್ ಗ್ರೂಪಿಗೆ ಒಂದು ವಿಡಿಯೋ ಬಂತು. ಅಮೆರಿಕದ ಪಿಟ್ಸ್‌ಬರ್ಗ್ ನಗರದ ರಸ್ತೆ. ತೋಳ, ನರಿ, ಹುಲಿ, ನೀಲಿ ಬಣ್ಣದ ನಾಯಿ, ಎಲ್ಲವೂ ಎರಡು ಕಾಲಿನ ಮೇಲೆ ಸಾಲಾಗಿ ನಡೆದು ಹೋಗ್ತಿವೆ. ಅಕ್ಕಪಕ್ಕ ನಿಂತ ಊರಿನವರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕೈ ಬೀಸ್ತಿದ್ದಾರೆ. ನಾವೇನು ಮಾಡಿದ್ವಿ? ಹತ್ತು ನಿಮಿಷದಲ್ಲಿ ಅದರಿಂದ ಆರು ಸ್ಟಿಕ್ಕರ್ ಮಾಡಿದ್ವಿ.

ಅದೇ ವಾರ ಜೂನಿಯರ್ ಒಬ್ಬನ ನೋಟ್‌ಬುಕ್ಕಿನ ಕೊನೆಯ ಪುಟದ ಫೋಟೋ ಕೂಡ ಗ್ರೂಪಿಗೆ ಬಿತ್ತು. ಲ್ಯಾಬ್ ಕೋಟ್ ಹಾಕಿದ ನರಿ, ಕನ್ನಡಕದ ತೋಳ. ಚೆನ್ನಾಗಿಯೇ ಬಿಡಿಸಿದ್ದ. 'ಲೋ, ನೀನೂ ಫರ್ರಿನಾ?' ಅಂತ ಒಬ್ಬ ಶುರು ಮಾಡಿದ, ಉಳಿದವರು ಸ್ಟಿಕ್ಕರ್ ಸುರಿದರು. ಅವನೂ ಒಂದು ನಗುವ ಇಮೋಜಿ ಹಾಕಿದ. ಮರುದಿನ ಗ್ರೂಪಿನಿಂದ ಹೊರಗೆ ಹೋದ. ಅವನು ಫರ್ರಿ ಅಂತ ನಾವು ಹೇಳ್ತಿಲ್ಲ. ನಮಗೆ ಗೊತ್ತಿಲ್ಲ, ಅದು ನಮ್ಮ ಕೆಲಸವೂ ಅಲ್ಲ. ಆದರೆ ಒಂದು ಪದದ ಅರ್ಥವೇ ತಿಳಿಯದೆ ಅದನ್ನು ಬೈಗುಳದ ಹಾಗೆ ಬಳಸಿದ್ವಿ ಅನ್ನೋದು ಮಾತ್ರ ಆಮೇಲೆ ಚುಚ್ಚಿತು. ಹಾಗಾಗಿ ನಾವು ನಾಲ್ಕು ಜನ ಕೂತು ಒಂದಷ್ಟು ಓದಿದ್ವಿ, ನೋಡಿದ್ವಿ. ಹೊರಗಿನವರಾಗಿಯೇ ಬರೀತಿದ್ದೇವೆ.

ಫರ್ರಿ ಅಂದರೆ ಇಷ್ಟೇ: ಮನುಷ್ಯರಂತೆ ಮಾತಾಡುವ, ನಡೆಯುವ ಪ್ರಾಣಿ ಪಾತ್ರಗಳ ಅಭಿಮಾನಿ. ಹೆಚ್ಚಿನವರು ತಮಗೆ ಅಂತ ಒಂದು ಪ್ರಾಣಿ ರೂಪ ಕಟ್ಟಿಕೊಳ್ತಾರೆ, ಅದಕ್ಕೊಂದು ಹೆಸರು, ಸ್ವಭಾವ, ಕತೆ. ಅದನ್ನು ಫರ್‌ಸೋನಾ ಅಂತಾರೆ. ಪೂರ್ತಿ ವೇಷ, ಅಂದರೆ ಫರ್‌ಸೂಟ್, ಇರುವವರು ಅವರಲ್ಲಿ ಅಲ್ಪಸಂಖ್ಯಾತರು. ಒಂದು ಸೂಟಿಗೆ ಸಾವಿರಾರು ಡಾಲರ್ ಆಗುತ್ತೆ, ಎಲ್ಲರ ಕೈಗೆ ಎಟುಕೋದಿಲ್ಲ. 1989ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಡೆದ ಅವರ ಮೊದಲ ಸಮ್ಮೇಳನಕ್ಕೆ ಬಂದವರು 65 ಜನ. ನಮ್ಮ ಒಂದು ಸೆಕ್ಷನ್‌ನಷ್ಟು. ನಾವು ವಿಡಿಯೋದಲ್ಲಿ ನೋಡಿದ್ದು ಆಂಥ್ರೋಕಾನ್. 1997ರಲ್ಲಿ ಆಲ್ಬನಿಯಲ್ಲಿ ಶುರುವಾಗಿ 2006ರಿಂದ ಪಿಟ್ಸ್‌ಬರ್ಗ್‌ನಲ್ಲಿ ನಡೀತಿರುವ ಸಮ್ಮೇಳನ ಅದು. 2024ರಲ್ಲಿ ಅದಕ್ಕೆ 17 ಸಾವಿರಕ್ಕೂ ಹೆಚ್ಚು ಜನ ಬಂದಿದ್ದರು.

ಇಷ್ಟು ಜನ ಅಲ್ಲಿಗೆ ಯಾಕೆ ಹೋಗ್ತಾರೆ? ಫರ್‌ಸೈನ್ಸ್ ಅನ್ನೋ ಹೆಸರಲ್ಲಿ ಸಮಾಜ ಮನಶ್ಶಾಸ್ತ್ರಜ್ಞರ ತಂಡವೊಂದು ವರ್ಷಗಟ್ಟಲೆ ಈ ಜನರನ್ನು ಅಧ್ಯಯನ ಮಾಡಿದೆ. ಚಿಕ್ಕಂದಿನಲ್ಲಿ ಶಾಲೆಯಲ್ಲಿ ಪೀಡನೆ ಅನುಭವಿಸಿದವರು ಇವರಲ್ಲಿ ಉಳಿದವರಿಗಿಂತ ಸಾಕಷ್ಟು ಹೆಚ್ಚು. ಲೈಂಗಿಕ ಅಲ್ಪಸಂಖ್ಯಾತರ ಪ್ರಮಾಣವೂ ಹೆಚ್ಚು. ಸೇರಲು ಕಾರಣ ಏನು ಅಂತ ಕೇಳಿದರೆ ಮುಖ್ಯವಾಗಿ ಬರುವ ಉತ್ತರಗಳಲ್ಲಿ ಒಂದು, 'ಇಲ್ಲಿ ನನಗೂ ಜಾಗ ಇದೆ' ಅನ್ನುವ ಭಾವನೆ.

ಕರಾವಳಿ ಕಡೆಯ ಗೆಳೆಯರು ಇಷ್ಟು ಹೊತ್ತಿಗೆ 'ನಮ್ಮಲ್ಲಿ ಹುಲಿವೇಷ ಇಲ್ವಾ, ಇದರಲ್ಲಿ ಏನು ವಿಶೇಷ' ಅಂತಿರಬಹುದು. ನಮಗೂ ಮೊದಲು ಹಾಗೇ ಅನಿಸಿತ್ತು. ಆದರೆ ಹುಲಿವೇಷಕ್ಕೆ ಹರಕೆ ಇದೆ, ನವರಾತ್ರಿ ಇದೆ, ತಾಸೆಯ ಸದ್ದಿದೆ. ವೇಷ ಹಾಕಿದವನ ಬೆನ್ನಿಗೆ ಇಡೀ ಊರಿದೆ. ಫರ್ರಿಯ ಬೆನ್ನಿಗೆ ಯಾವ ಊರೂ ಇಲ್ಲ. ಮೊದಲು ಊರನ್ನೇ ಕಟ್ಟಿಕೊಳ್ಳಬೇಕು.

ಆ ಊರು ಹೇಗೆ ಕಟ್ಟಿದ್ದಾರೆ ಅನ್ನೋದೇ ನಮಗೆ ಹೆಚ್ಚು ಹಿಡಿಸಿದ್ದು. ಎಂಜಿನಿಯರಿಂಗ್ ಕಣ್ಣಿಂದ ನೋಡಿ. ಸೂಟಿನ ತಲೆ ಹೆಚ್ಚಾಗಿ ಫೋಮಿನದ್ದು, ಮೇಲೆ ದಪ್ಪ ಕೃತಕ ತುಪ್ಪಳ. ಒಳಗಿನ ಬೆವರು ಆರಲ್ಲ, ಶಾಖ ಹೊರಗೆ ಹೋಗಲ್ಲ. ಪಿಟ್ಸ್‌ಬರ್ಗ್ ಸಮ್ಮೇಳನ ಬೇರೆ ಬೇಸಿಗೆಯಲ್ಲಿ. ಕಣ್ಣಿನ ಜಾಗದಲ್ಲಿರುವ ಜಾಲರಿಯಿಂದ ಎದುರಿಗಿರೋದು ಒಂದಿಷ್ಟು ಕಾಣುತ್ತೆ, ಕಾಲ ಬುಡದ ಮೆಟ್ಟಿಲು ಕಾಣಲ್ಲ. ಹಾಗಾಗಿ ಸೂಟ್ ಹಾಕಿದವರ ಜೊತೆಗೆ ಅನೇಕ ಸಲ ಇನ್ನೊಬ್ಬರು ಇರ್ತಾರೆ. ಕೈ ಹಿಡಿದು ಮೆಟ್ಟಿಲು ಇಳಿಸೋದು, ಬಾಲ ಎಳೆಯುವ ತುಂಟರನ್ನು ದೂರ ಇಡೋದು, 'ಸಾಕು, ಬಾ, ನೀರು ಕುಡಿ' ಅನ್ನೋದು ಅವರ ಕೆಲಸ. ದೊಡ್ಡ ಸಮ್ಮೇಳನಗಳಲ್ಲಿ 'ಹೆಡ್‌ಲೆಸ್ ಲೌಂಜ್' ಅಂತ ಒಂದು ಕೋಣೆ ಇರುತ್ತೆ. ಅಲ್ಲಿ ದೊಡ್ಡ ಫ್ಯಾನುಗಳು, ಕುಡಿಯೋ ನೀರು. ತಲೆ ಕಳಚಿಟ್ಟು ಸುಧಾರಿಸಿಕೊಳ್ಳಬಹುದು. ಫೋಟೋ ತೆಗೆಯೋ ಹಾಗಿಲ್ಲ. ಬೆವರಿಳಿಯುವ ನಿಜ ಮುಖವನ್ನು ಯಾರೂ ಸ್ಟಿಕ್ಕರ್ ಮಾಡಲ್ಲ ಅನ್ನೋ ಭರವಸೆ ಅದು.

ನಾವು 'ಸ್ವೀಕಾರ' ಅಂದಾಗೆಲ್ಲ ಮನಸ್ಸು ವಿಶಾಲ ಮಾಡ್ಕೊಳ್ಳಿ ಅನ್ನೋ ಭಾಷಣ ನೆನಪಿಗೆ ಬರುತ್ತೆ. ಇಲ್ಲಿ ಅದು ಫ್ಯಾನು, ನೀರು, ಮೆಟ್ಟಿಲಲ್ಲಿ ಹಿಡಿದ ಕೈ. ಮಾಡಬೇಕಾದ ಕೆಲಸ. ನಮ್ಮ ಫೆಸ್ಟ್‌ಗಳಲ್ಲಿ 'ನಾವೆಲ್ಲ ಒಂದೇ ಫ್ಯಾಮಿಲಿ' ಅಂತ ಟೀಶರ್ಟ್ ಮೇಲೆ ಬರೆಸ್ತೀವಲ್ಲ, ಸುಸ್ತಾದ ವಾಲಂಟಿಯರ್‌ಗೆ ಕೂರೋಕೆ ಒಂದು ಕುರ್ಚಿ ಇಟ್ಟಿರ್ತೀವಾ?

ಇನ್ನೊಂದು ಪ್ರಸಂಗ. ಕೆನಡಾದ ವ್ಯಾಂಕೂವರ್ ಪಕ್ಕದ ರಿಚ್‌ಮಂಡ್‌ನಲ್ಲಿ 2016ರ ಮಾರ್ಚ್‌ನಲ್ಲಿ ವ್ಯಾಂಕೂಫರ್ ಅನ್ನೋ ಸಮ್ಮೇಳನ ನಡೆಯಿತು. ಅದೇ ಹೋಟೆಲಿನಲ್ಲಿ ಸಿರಿಯಾದ ಯುದ್ಧದಿಂದ ತಪ್ಪಿಸಿಕೊಂಡು ಬಂದ ಕುಟುಂಬಗಳನ್ನು ತಾತ್ಕಾಲಿಕವಾಗಿ ಇರಿಸಿದ್ದರು. ಆಯೋಜಕರು ಬರುವವರಿಗೆಲ್ಲ ಮೊದಲೇ ತಿಳಿಸಿದ್ದರು: ಈ ಜನಕ್ಕೆ ನಿಮ್ಮ ವೇಷ ಏನು ಅಂತ ಗೊತ್ತಿರಲಿಕ್ಕಿಲ್ಲ, ನೀವಾಗಿ ಮೈಮೇಲೆ ಬೀಳಬೇಡಿ. ಆದದ್ದೇ ಬೇರೆ. ಮಕ್ಕಳೇ ಓಡಿ ಬಂದು ತೋಳಗಳನ್ನು ತಬ್ಬಿಕೊಂಡರು, ಫೋಟೋ ತೆಗೆಸಿಕೊಂಡರು. ಆ ಫೋಟೋಗಳು ಲೋಕವೆಲ್ಲ ಸುತ್ತಿದವು. ನಮಗೆ ಫೋಟೋಗಿಂತ ಮುಂಚಿನ ಆ ಸೂಚನೆಯೇ ದೊಡ್ಡದು ಅನಿಸಿತು. ಬೇರೆಯವರ ನೋಟಕ್ಕೆ ಹೆದರಿ ಬದುಕಿದವರಿಗೆ ಮಾತ್ರ ಅಂಥ ಸೂಚನೆ ಬರೆಯೋದು ಹೊಳೆಯುತ್ತೇನೋ.

ಎಲ್ಲ ಹಾಲು ಜೇನು ಅಂತ ತಿಳೀಬೇಡಿ. ಅಮೆರಿಕದ ಫರ್ರಿಗಳಲ್ಲಿ ಬಿಳಿಯರೇ ಬಹುಪಾಲು. ವಯಸ್ಕರಿಗೆ ಮಾತ್ರ ಸಲ್ಲುವ ಚಿತ್ರಗಳೂ ಆ ಲೋಕದಲ್ಲಿ ಇವೆ, ಇಲ್ಲ ಅಂದರೆ ಸುಳ್ಳಾಗುತ್ತೆ. ಆದರೆ 2003ರಲ್ಲಿ 'ಸಿಎಸ್‌ಐ' ಧಾರಾವಾಹಿಯ ಒಂದು ಕಂತು ಇವರನ್ನು ತೋರಿಸಿದ ರೀತಿ ನೋಡಿದವರಿಗೆ ಅದು ಬಿಟ್ಟು ಬೇರೇನೂ ಇಲ್ಲ ಅನ್ನಿಸಿಬಿಟ್ಟಿತು. ಎಲ್ಲರನ್ನೂ ಒಳಗೆ ಬಿಡ್ತೀವಿ ಅಂದವರಿಗೆ ಬೇರೆ ಪರೀಕ್ಷೆಯೂ ಬಂತು. ನಾಜಿಗಳದ್ದನ್ನು ಹೋಲುವ ಪಟ್ಟಿಯನ್ನು ತೋಳಿಗೆ ಕಟ್ಟಿಕೊಂಡ ಗುಂಪೊಂದರ ಸುತ್ತ ಜಗಳ ಎದ್ದು, ಬೆದರಿಕೆಗಳು ಬಂದು, ಭದ್ರತೆಯ ಖರ್ಚು ಏರಿ, ಡೆನ್ವರ್‌ನ ರಾಕಿ ಮೌಂಟನ್ ಫರ್ ಕಾನ್ 2017ರಲ್ಲಿ ರದ್ದಾಯಿತು. 'ಯಾರನ್ನೂ ಹೊರಗಿಡಬಾರದು' ಅಂತ ವಾದಿಸಿದವರೂ ಇದ್ದರು. ನಾವು ಒಪ್ಪಲ್ಲ. ಪಕ್ಕದಲ್ಲಿ ಕೂತವನು ಇರಲೇಬಾರದು ಅನ್ನುವವನಿಗೆ ಕುರ್ಚಿ ಹಾಕಿದರೆ ಪಕ್ಕದವನೇ ಎದ್ದು ಹೋಗ್ತಾನೆ. ಸದ್ದು ಮಾಡದೆ ಹೋಗ್ತಾನೆ, ಗ್ರೂಪ್ ಬಿಟ್ಟ ಹಾಗೆ.

ಅಮೆರಿಕದ ಶಾಲೆಗಳಲ್ಲಿ ಬೆಕ್ಕಿನ ವೇಷದ ಮಕ್ಕಳಿಗಾಗಿ ಮರಳಿನ ಡಬ್ಬಿ ಇಟ್ಟಿದ್ದಾರೆ ಅನ್ನೋ ಗಾಳಿಮಾತು ನಿಮಗೂ ಬಂದಿರಬಹುದು. ಅದು ಸುಳ್ಳು. 2022ರಲ್ಲಿ ನೆಬ್ರಾಸ್ಕಾದ ಸೆನೆಟರ್ ಒಬ್ಬರು ಶಾಸನಸಭೆಯಲ್ಲೇ ಅದನ್ನು ಹೇಳಿ, ಆಮೇಲೆ ಕ್ಷಮೆ ಕೇಳಿದರು. ಫಾರ್ವರ್ಡ್ ಮಾಡಿದ ಎಷ್ಟು ಜನ ಕ್ಷಮೆ ಕೇಳಿದರೋ!

ನಾವು ಕೇಳಿದ್ವಿ. ತಡವಾಗಿ, ಮೆಸ್ ಹೊರಗೆ, ಸ್ವಲ್ಪ ತೊದಲುತ್ತಾ. ಸ್ಟಿಕ್ಕರ್‌ಗಳನ್ನು ನಮ್ಮ ಫೋನಿನಿಂದ ಅಳಿಸಿದ್ದೀವಿ, ಉಳಿದವರ ಫೋನಿನಲ್ಲಿ ಇನ್ನೂ ಇವೆ. ಈ ವಿಷಯ ಬರೀಬಹುದಾ ಅಂತಲೂ ಅವನನ್ನೇ ಕೇಳಿದ್ವಿ. 'ಹೆಸರು ಹಾಕ್ಬೇಡಿ ಅಣ್ಣ' ಅಂದ. ಹಾಗಾದರೆ ಲೇಖನಕ್ಕೆ ಒಂದು ಚಿತ್ರ ಬಿಡಿಸಿಕೊಡ್ತೀಯಾ ಅಂದ್ವಿ. ನೋಡ್ತೀನಿ ಅಂದ. ಸಂಚಿಕೆ ಹೊರಡುವವರೆಗೂ ಕಾದ್ವಿ, ಬರಲಿಲ್ಲ. ಅದಕ್ಕೇ ಈ ಪುಟದಲ್ಲಿ ಚಿತ್ರ ಇಲ್ಲ.