ರೊಟ್ಟಿ, ಬೆಣ್ಣೆ, ಹಸಿ ಸೊಪ್ಪು: ಸರಳ ಊಟಕ್ಕೆ ಬೇಕಾದ ತಿಳಿವಳಿಕೆ

ವಿಜಯಪುರ, ಬಾಗಲಕೋಟೆ, ಗದಗ, ಕಲಬುರಗಿಯ ಎರೆಭೂಮಿಯಲ್ಲಿ ಚಳಿಗಾಲದ ಊಟದ ತಾಟು ಬಹಳ ಸಣ್ಣದು. ಬಿಸಿ ಜೋಳದ ರೊಟ್ಟಿ, ಅದರ ಮೇಲೆ ಬೆಣ್ಣೆ, ಪಕ್ಕದಲ್ಲಿ ಹಸಿ ಮೆಂತ್ಯವೋ ಹಕ್ಕರಕಿಯೋ, ಒಂದು ಉಳ್ಳಾಗಡ್ಡಿ, ಚೂರು ಶೇಂಗಾ ಹಿಂಡಿ. ಮಸಾಲೆ ಅರೆದಿಲ್ಲ, ಒಗ್ಗರಣೆ ಕೊಟ್ಟಿಲ್ಲ. ಇವಿಷ್ಟನ್ನೇ ನಗರದ ಅಂಗಡಿಯಿಂದ ತಂದು ಮಾಡಲು ಕೂತರೆ ರೊಟ್ಟಿ ಸೀಳುತ್ತದೆ, ಬೆಣ್ಣೆಗೆ ಪರಿಮಳವಿರುವುದಿಲ್ಲ, ಸೊಪ್ಪು ಹುಲ್ಲಿನಂತಿರುತ್ತದೆ. ಕೈಗುಣವಿಲ್ಲ ಎಂದು ಅನೇಕರು ಅಲ್ಲಿಗೇ ಬಿಟ್ಟುಬಿಡುತ್ತಾರೆ. ಆದರೆ ಇದರಲ್ಲಿ ಕೈಗುಣದ ಪಾಲು ಕಡಿಮೆ. ಮಸಾಲೆಯಿಲ್ಲದ ಅಡುಗೆಯ ರುಚಿ ಒಲೆ ಹೊತ್ತಿಸುವ ಮೊದಲೇ ಮುಕ್ಕಾಲು ತೀರ್ಮಾನವಾಗಿರುತ್ತದೆ. ಹಿಟ್ಟು ಯಾವಾಗ ಬೀಸಿದ್ದು, ಬೆಣ್ಣೆ ಯಾವುದರಿಂದ ಬಂದದ್ದು, ಸೊಪ್ಪು ಯಾವಾಗ ಕಿತ್ತದ್ದು ಎಂಬ ಮೂರು ಸಂಗತಿ ತಿಳಿದರೆ ಉಳಿದದ್ದು ಅಭ್ಯಾಸದಿಂದ ಬರುತ್ತದೆ.

ಮೊದಲು ರೊಟ್ಟಿ. ಗೋಧಿ ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿದರೂ ಗ್ಲುಟೆನ್ ಎಂಬ ಪ್ರೋಟೀನಿನ ಜಾಲ ಅದನ್ನು ಹಿಡಿದಿಡುತ್ತದೆ. ಜೋಳದಲ್ಲಿ ಗ್ಲುಟೆನ್ ಇಲ್ಲ. ಹಿಟ್ಟನ್ನು ಕೂಡಿಸುವ ಕೆಲಸವನ್ನು ಪಿಷ್ಟವೇ ಮಾಡಬೇಕು, ಅದಕ್ಕೆ ಬಿಸಿ ಬೇಕು. ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ ಅಂಟಾಗುತ್ತವೆ. ಹಿಟ್ಟಿಗೆ ಕುದಿಯುವ ಎಸರು ಹೊಯ್ಯುವುದು ಇದಕ್ಕಾಗಿಯೇ. ಅಂಗೈಯ ಬುಡದಿಂದ ಒತ್ತಿ ನಾದಿದಷ್ಟೂ ಈ ಅಂಟು ಎಲ್ಲೆಡೆ ಹರಡುತ್ತದೆ. ಹಿಟ್ಟು ಆರಿದರೆ ಅಂಟು ಗಡುಸಾಗಿ ಅಂಚು ಬಿರಿಯುತ್ತದೆ, ಆದ್ದರಿಂದ ಒಂದೆರಡು ರೊಟ್ಟಿಗಾಗುವಷ್ಟನ್ನೇ ಆಗಾಗ ನಾದಿಕೊಳ್ಳುತ್ತಾರೆ. ಹಂಚಿಗೆ ಹಾಕಿದ ಕೂಡಲೇ ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರುವುದಕ್ಕೂ ಕಾರಣವಿದೆ. ಒಣ ಹಿಟ್ಟು ನೆನೆದು ಮೇಲ್ಮೈ ಬಿಗಿಯುತ್ತದೆ, ಒಡೆಯದೆ ಉಳಿಯುತ್ತದೆ. ತಿರುವಿ ಹಾಕಿದ ಮೇಲೆ ಒಳಗಿನ ತೇವ ಹಬೆಯಾಗಿ, ಹೊರಬರಲು ದಾರಿ ಸಿಗದೆ ರೊಟ್ಟಿಯನ್ನು ಉಬ್ಬಿಸುತ್ತದೆ.

ಇಷ್ಟೆಲ್ಲ ಮಾಡಿದರೂ ಹಳೆಯ ಹಿಟ್ಟು ಕೈಕೊಡುತ್ತದೆ. ಜೋಳದಲ್ಲಿ ಸುಮಾರು ಶೇ 3ರಷ್ಟು ಕೊಬ್ಬಿದೆ. ಅದರಲ್ಲಿ ಹೆಚ್ಚಿನದು ಕಾಳಿನ ಮೊಳಕೆಯ ಭಾಗದಲ್ಲಿರುತ್ತದೆ. ಕಾಳು ಇಡಿಯಾಗಿರುವಷ್ಟು ದಿನ ಅದು ಸುರಕ್ಷಿತ. ಬೀಸಿದ ಮೇಲೆ ಗಾಳಿ ತಾಗಿ ಕೆಡಲು ಶುರುವಾಗುತ್ತದೆ, ಹಿಟ್ಟು ಕಮಟಾಗಿ ಕಹಿ ತಿರುಗುತ್ತದೆ. ರೊಟ್ಟಿ ಬಡಿಯುವವರು ಜಿಗಿ ಹೋಗಿದೆ ಎನ್ನುವುದು ಇಂಥ ಹಿಟ್ಟಿಗೇ. ಕಾಳು ಕೂಡಿಟ್ಟುಕೊಂಡು ವಾರಕ್ಕೆ ಬೇಕಾದಷ್ಟನ್ನೇ ಗಿರಣಿಗೆ ಒಯ್ಯುವ ಹಳೆಯ ರೂಢಿಯ ಹಿಂದೆ ಈ ಲೆಕ್ಕವಿದೆ. ಮುದ್ರಿತ ಚೀಲದಲ್ಲಿ ತಿಂಗಳುಗಟ್ಟಲೆ ಕೂತ ಹಿಟ್ಟಿನಿಂದ ಅದೇ ರೊಟ್ಟಿ ನಿರೀಕ್ಷಿಸುವುದು ತಪ್ಪು.

ಇನ್ನು ಬೆಣ್ಣೆ. ನಮ್ಮ ಮನೆಗಳಲ್ಲಿ ಬೆಣ್ಣೆ ಬರುವುದು ಮೊಸರು ಕಡೆದು. ಹಾಲಿಗೆ ಹೆಪ್ಪು ಹಾಕಿದಾಗ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಹುಳಿಯಾಗಿಸುತ್ತವೆ. ಜೊತೆಗೆ ಡೈಅಸಿಟೈಲ್‌ನಂಥ ಪರಿಮಳದ ಅಂಶಗಳೂ ಹುಟ್ಟುತ್ತವೆ. ಹೊಸ ಬೆಣ್ಣೆಯ ಘಮದಲ್ಲಿ ದೊಡ್ಡ ಪಾಲು ಇವುಗಳದ್ದು. ಹೆಪ್ಪು ಹಾಕದ ಸಿಹಿ ಕೆನೆಯಿಂದ ತೆಗೆದ ಬೆಣ್ಣೆಗೆ ಈ ಪರಿಮಳ ಬರುವುದಿಲ್ಲ. ಫ್ರಾನ್ಸಿನ ನಾರ್ಮಂಡಿಯಲ್ಲೂ ಇದೇ ತಿಳಿವಳಿಕೆ ಇದೆ. 1986ರಿಂದ ಮೂಲಸ್ಥಾನದ ಮಾನ್ಯತೆ ಪಡೆದಿರುವ ಅಲ್ಲಿನ ಇಸಿನ್ಯಿ ಬೆಣ್ಣೆಗೆ ಕೆನೆಯನ್ನು ಹುಳಿಬರಿಸಿಯೇ ಕಡೆಯುತ್ತಾರೆ. ಫ್ರೆಂಚರು ಬ್ರೆಡ್ಡಿನ ಜೊತೆ ಎಳೆ ಮೂಲಂಗಿಗೆ ಬೆಣ್ಣೆ, ಉಪ್ಪು ಹಚ್ಚಿ ತಿನ್ನುತ್ತಾರೆ. ಧಾನ್ಯ, ಬೆಣ್ಣೆ, ಹಸಿ ತರಕಾರಿ ಎಂಬ ಈ ಕೂಟ ಹಾಲು ಮತ್ತು ಹೊಲ ಎರಡೂ ಇದ್ದ ಎಷ್ಟೋ ಸೀಮೆಗಳಲ್ಲಿ ತಾನಾಗಿ ಬೆಳೆದಿದೆ.

ಕಡೆಯುವಾಗ ಹದ ಕೊಡುವುದು ತಂಪು. ಮೊಸರು ಬೆಚ್ಚಗಿದ್ದರೆ ಕೊಬ್ಬು ಕರಗಿ ಜಿಡ್ಡಾಗುತ್ತದೆ, ತೀರಾ ತಣ್ಣಗಿದ್ದರೆ ಕೂಡಿಕೊಳ್ಳುವುದೇ ಇಲ್ಲ. ಬೇಸಿಗೆಯಲ್ಲಿ ತಣ್ಣೀರು, ಚಳಿಯಲ್ಲಿ ಉಗುರುಬೆಚ್ಚನೆ ನೀರು ಹಾಕುವ ಹಿರಿಯರ ಪದ್ಧತಿ ಈ ಹದ ಕಾಯುವ ಉಪಾಯ. ತೇಲಿ ಬಂದ ಬೆಣ್ಣೆಯನ್ನು ತಣ್ಣೀರಿನಲ್ಲಿ ಎರಡು ಮೂರು ಸಲ ತೊಳೆಯಬೇಕು, ಏಕೆಂದರೆ ಉಳಿದ ಮಜ್ಜಿಗೆಯೇ ಅದನ್ನು ಬೇಗ ಕೆಡಿಸುತ್ತದೆ. ನಗರದಲ್ಲಿ ಕೆನೆ ಸಿಗುವುದಿಲ್ಲ ಎನ್ನುವವರು ಹಾಲಿನ ಪೊಟ್ಟಣ ನೋಡಬೇಕು. ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇ 3, ಫುಲ್ ಕ್ರೀಮ್ ಹಾಲಿನಲ್ಲಿ ಶೇ 6. ಹೋಮೋಜಿನೈಸ್ಡ್ ಎಂದು ಬರೆದಿದ್ದರೆ ಕೊಬ್ಬಿನ ಕಣಗಳನ್ನು ಒಡೆದು ಹಾಲಿನಲ್ಲಿ ಬೆರೆಸಿರುತ್ತಾರೆ, ಕೆನೆ ಸರಿಯಾಗಿ ಕಟ್ಟುವುದಿಲ್ಲ.

ಬೆಣ್ಣೆಯನ್ನು ಬಾಣಲೆಗೆ ಹಾಕದೆ ಇಳಿಸಿದ ರೊಟ್ಟಿಯ ಮೇಲೆ ಇಡುವುದೂ ಸರಿಯಾದ ಕ್ರಮ. ಅದರಲ್ಲಿ ಉಳಿದಿರುವ ಹಾಲಿನ ಅಂಶ ಸುಮಾರು 150 ಡಿಗ್ರಿಯ ಹೊತ್ತಿಗೆ ಹೊತ್ತತೊಡಗುತ್ತದೆ, ಪರಿಮಳವೂ ಹಾರಿಹೋಗುತ್ತದೆ. ಒಗ್ಗರಣೆಗೆ ಆ ಅಂಶ ತೆಗೆದ ತುಪ್ಪವೇ ಸೈ. ಬೆಣ್ಣೆಯ ಕೊಬ್ಬಿನಲ್ಲಿ ಅರ್ಧಕ್ಕಿಂತ ಹೆಚ್ಚು ಸಂತೃಪ್ತ ಬಗೆಯದು, ಹಾಗಾಗಿ ಒಂದು ಚಮಚೆ ಸಾಕು. ಅಷ್ಟು ಬೆಣ್ಣೆ ಸೊಪ್ಪಿನಲ್ಲಿರುವ ಬೀಟಾ ಕ್ಯಾರೋಟಿನ್ ದೇಹಕ್ಕೆ ಸೇರಲೂ ನೆರವಾಗುತ್ತದೆ, ಅದು ಕೊಬ್ಬಿನಲ್ಲಿ ಕರಗುವಂಥದ್ದು.

ಮೂರನೆಯದು ಹಂಗಾಮು. ಹಿಂಗಾರಿ ಹೊಲದಲ್ಲಿ ಕಡಲೆ ಗಿಡ ಎಳೆಯದಿರುವಾಗ ಕುಡಿ ಚಿವುಟುತ್ತಾರೆ. ಚಿವುಟಿದರೆ ಗಿಡ ಕವಲೊಡೆದು ಹೆಚ್ಚು ಕಾಯಿ ಕಟ್ಟುತ್ತದೆ, ಚಿವುಟಿದ ಕುಡಿ ಅಡುಗೆಮನೆಗೆ ಬರುತ್ತದೆ. ಆ ಎಲೆಗಳ ಮೇಲೆ ಮಾಲಿಕ್ ಆಮ್ಲ, ಆಕ್ಸಾಲಿಕ್ ಆಮ್ಲ ಒಸರುವುದರಿಂದ ಕಡಲೆ ಸೊಪ್ಪಿಗೆ ನಿಂಬೆ, ಹುಣಸೆ ಬೇಡದ ಹುಳಿ ತನ್ನಷ್ಟಕ್ಕೇ ಇರುತ್ತದೆ. ಬೆಳೆಯ ನಡುವೆ ಕಳೆಯಾಗಿ ಏಳುವ ಹಕ್ಕರಕಿಯನ್ನು ಹಸಿಯಾಗಿಯೇ ತಿನ್ನುತ್ತಾರೆ. ಜೋಳ ಹಾಲುಗಾಳಾಗಿರುವಾಗ ಸುಟ್ಟು ತಿನ್ನುವ ಸೀತನಿ ಸಿಗುವುದು ಕೆಲವೇ ವಾರ, ಏಕೆಂದರೆ ಕಾಳು ಬಲಿತಂತೆ ಅದರ ಸಕ್ಕರೆ ಪಿಷ್ಟವಾಗುತ್ತದೆ. ಬಟಾಣಿಯಲ್ಲಿ ಈ ಬದಲಾವಣೆ ಕಿತ್ತ ಮೇಲೂ ನಡೆಯುತ್ತದೆ. ಬೆಳಿಗ್ಗೆ ಕಿತ್ತ ಬಟಾಣಿಗೂ ಎರಡು ದಿನ ಲಾರಿಯಲ್ಲಿ ಕಳೆದದ್ದಕ್ಕೂ ಸಿಹಿಯಲ್ಲಿ ಅಂತರ ಬರುವುದು ಅದಕ್ಕೇ.

ಹಳೆ ಮೈಸೂರು ಸೀಮೆಯಲ್ಲಿ ಈ ಜಾಗದಲ್ಲಿ ಅಕ್ಕಿ ರೊಟ್ಟಿ, ಬೆಣ್ಣೆ, ಅವರೆಕಾಳು ಇವೆ. ಸಾಂಪ್ರದಾಯಿಕ ಅವರೆ ತಳಿಗಳು ಹಗಲು ಕಿರಿದಾದಾಗ ಮಾತ್ರ ಹೂ ಬಿಡುವುದರಿಂದ ಕಾಯಿ ಡಿಸೆಂಬರ್, ಜನವರಿಗೆ ಬೀಳುತ್ತಿತ್ತು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳಿಗೆ ಹಗಲಿನ ಅಳತೆಯ ಹಂಗಿಲ್ಲ, ವರ್ಷದ ಬೇರೆ ತಿಂಗಳಲ್ಲೂ ಬೆಳೆಯಬಹುದು. ರೈತರಿಗೆ ಅದರಿಂದ ಅನುಕೂಲವಾಗಿದೆ. ಹಾಗಿದ್ದೂ ಸೊಗಡಿನ ಕಾಯಿಗಾಗಿ ಚಳಿಗಾಲ ಕಾಯುವವರು ಇದ್ದೇ ಇದ್ದಾರೆ.

ಸರಳ ಊಟವನ್ನು ಕೊಂಡಾಡುವಾಗ ಒಂದು ಮಾತನ್ನು ಮರೆಯಬಾರದು. ಬಡಿಸಿದಾಗ ಸರಳವಾಗಿ ಕಾಣುವ ಈ ರೊಟ್ಟಿಯ ಹಿಂದೆ ಬೀಸುವ, ನಾದುವ, ಬಡಿಯುವ, ಒಲೆಯ ಮುಂದೆ ಬೇಯುವ ದುಡಿಮೆಯಿದೆ. ತಲೆಮಾರುಗಳಿಂದ ಅದು ಹೆಂಗಸರ ಹೆಗಲ ಮೇಲೇ ಇದೆ. ಮನೆಯೂಟಕ್ಕೆ ಮರಳಿ ಎಂದು ಉಪದೇಶಿಸಿ ಈ ಭಾರವನ್ನು ಮತ್ತೆ ಅವರೊಬ್ಬರಿಗೇ ಹೊರಿಸುವುದು ಅನ್ಯಾಯ. ರೊಟ್ಟಿಯನ್ನು ಓಣಿಯ ಖಾನಾವಳಿಯಿಂದಲೋ ರೊಟ್ಟಿ ಮಾಡಿ ಮಾರುವ ಮಹಿಳೆಯರಿಂದಲೋ ನ್ಯಾಯವಾದ ಬೆಲೆ ಕೊಟ್ಟು ತಂದರೆ ಊಟದ ಗುಣವೇನೂ ತಗ್ಗುವುದಿಲ್ಲ. ಸೊಪ್ಪು ಸೋಸುವುದು, ಬೆಣ್ಣೆ ಕಡೆಯುವುದು, ಹಿಂಡಿ ಕುಟ್ಟುವುದು ಮನೆಯ ಗಂಡಸರೂ ಮಕ್ಕಳೂ ಕಲಿಯಬಹುದಾದ ಕೆಲಸಗಳೇ.

ಆರಂಭಕ್ಕೆ ಹೊಸ ಪಾತ್ರೆ, ಹೊಸ ಪಾಕಪುಸ್ತಕ ಬೇಡ. ಗಿರಣಿಯಲ್ಲಿ, ಹಾಲಿನ ಅಂಗಡಿಯಲ್ಲಿ, ಸಂತೆಯಲ್ಲಿ ಒಂದೊಂದು ಪ್ರಶ್ನೆ ಕೇಳಿದರೆ ಸಾಕು: ಇದನ್ನು ಬೀಸಿದ್ದು ಯಾವತ್ತು, ಈ ಹಾಲಿನಲ್ಲಿ ಕೊಬ್ಬು ಎಷ್ಟು, ಈ ಸೊಪ್ಪು ಕಿತ್ತದ್ದು ಯಾವಾಗ? ಕೇಳುವ ಗಿರಾಕಿಗಳು ಹೆಚ್ಚಿದರೆ ಮಾರುವವರೂ ಉತ್ತರ ಸಿದ್ಧವಾಗಿಟ್ಟುಕೊಳ್ಳುತ್ತಾರೆ. ಬೆಳಿಗ್ಗೆ ಕಿತ್ತು ಸಂಜೆಗೆ ತಂದ ರೈತನಿಗೆ ನಾಲ್ಕು ಕಾಸು ಹೆಚ್ಚು ಸಿಗುವುದು ಅಂಥ ಮಾರುಕಟ್ಟೆಯಲ್ಲೇ.