ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಸೈಕಲ್ಲು ಬಡವನ ಕುದುರೆ. ಆ ಕುದುರೆಗೆ ಈಗ ಬ್ಯಾಟರಿ ಬಂದಿದೆ. ಹಾಲು ಹಾಕುವವನು, ಸೊಪ್ಪು ಮಾರುವವಳು, ಬೆಂಗಳೂರಿನ ಬೀದಿಗಳಲ್ಲಿ ಮನೆಮನೆಗೆ ಊಟದ ಪೊಟ್ಟಣ ಮುಟ್ಟಿಸುವ ಹುಡುಗ, ಇವರೆಲ್ಲ ಪೆಟ್ರೋಲಿನ ಬೆಲೆಗೆ ಹೆದರಿ ಬ್ಯಾಟರಿ ಗಾಡಿ ಏರಿದ್ದಾರೆ. ಈ ಗಾಡಿ ಸೈಕಲ್ಲೋ, ಮೋಟಾರೋ? ಪ್ರಶ್ನೆ ಚಿಕ್ಕದಾಗಿ ಕಾಣುತ್ತದೆ. ಆದರೆ ಉತ್ತರ ತಪ್ಪಿದರೆ ದಂಡ ತೆರುವವನು ಗಾಡಿ ಮಾಡಿದವನಲ್ಲ, ಮಾರಿದವನೂ ಅಲ್ಲ. ಅದರ ಮೇಲೆ ಕುಳಿತವನು.

ಕಾಯಿದೆ ಹೇಳುವುದೇನು? 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 2(ಯು) ನಿಯಮದಂತೆ, ಮೋಟಾರಿನ ಶಕ್ತಿ 250 ವಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ, ಬ್ಯಾಟರಿ ಬಿಟ್ಟು ಗಾಡಿಯ ತೂಕ 60 ಕಿಲೋ ಮೀರದೆ ಇದ್ದು, ಸರಕಾರ ಗೊತ್ತುಮಾಡಿದ ಪರೀಕ್ಷಾ ಸಂಸ್ಥೆ ಇದನ್ನು ಒಪ್ಪಿದ್ದರೆ, ಅದು ಮೋಟಾರು ವಾಹನವೇ ಅಲ್ಲ. ಲೈಸೆನ್ಸು ಬೇಡ, ನೋಂದಣಿ ಬೇಡ, ವಿಮೆ ಬೇಡ. ಈ ಗೆರೆ ದಾಟಿದರೆ ಮೂರೂ ಬೇಕು. ಗೆರೆ ಎಳೆದದ್ದನ್ನು ನಾವು ಆಕ್ಷೇಪಿಸುವುದಿಲ್ಲ. ಬಡವನ ಗಾಡಿಯನ್ನು ಆರ್.ಟಿ.ಓ. ಕಚೇರಿಯ ಮೆಟ್ಟಿಲು ಹತ್ತಿಸದಿರುವುದು ಒಳ್ಳೆಯದೇ.

ಆದರೆ ಅಂಗಡಿಯಲ್ಲಿ ನಡೆಯುವುದೇನು? ಕಾಗದದಲ್ಲಿ 25, ರಸ್ತೆಯಲ್ಲಿ 45! ಪರೀಕ್ಷೆಗೆ ಕಳುಹಿಸುವುದು ಒಂದು ಗಾಡಿ, ಗಿರಾಕಿಗೆ ಕೊಡುವುದು ಇನ್ನೊಂದು. ವೇಗದ ಕಡಿವಾಣ ಕಳಚಿಕೊಟ್ಟು "ಲೈಸೆನ್ಸು ಬೇಡ ಸ್ವಾಮಿ" ಎಂದು ಮಾರುವ ವ್ಯಾಪಾರಿಗಳಿದ್ದಾರೆ. ಕೊಂಡವನಿಗೆ ವಾಟ್ ಏನು ಗೊತ್ತು, ನಿಯಮ ಏನು ಗೊತ್ತು? ನಾಕಾಬಂದಿಯಲ್ಲಿ ಸಿಕ್ಕಾಗ ಗೊತ್ತಾಗುತ್ತದೆ. ನೋಂದಣಿ ಇಲ್ಲದ್ದಕ್ಕೆ 5,000 ರೂಪಾಯಿಯವರೆಗೆ ದಂಡ, ಲೈಸೆನ್ಸು ಇಲ್ಲದ್ದಕ್ಕೆ ಬೇರೆ, ವಿಮೆ ಇಲ್ಲದ್ದಕ್ಕೆ ಇನ್ನೂ ಬೇರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ನ್ಯಾಯ ಇದಲ್ಲವೇ?

ವ್ಯಾಪಾರಿಯನ್ನು ಹಿಡಿಯಲು ಕಾಯಿದೆ ಇಲ್ಲವೆಂದು ಯಾರೂ ಹೇಳಬೇಡಿ. 2019ರ ತಿದ್ದುಪಡಿಯಿಂದ ಬಂದ 182ಎ ಕಲಮು, ನಿಯಮ ಮೀರಿದ ವಾಹನ ಮಾರುವ ತಯಾರಕನಿಗೂ ವ್ಯಾಪಾರಿಗೂ ಒಂದು ವರ್ಷದವರೆಗೆ ಸಜೆ, ಇಲ್ಲವೆ ಗಾಡಿಯೊಂದಕ್ಕೆ 1 ಲಕ್ಷ ರೂಪಾಯಿ ದಂಡ, ಇಲ್ಲವೆ ಎರಡನ್ನೂ ವಿಧಿಸುತ್ತದೆ. ಕತ್ತಿ ಒರೆಯಲ್ಲಿದೆ. ಅದನ್ನು ದೊಡ್ಡವರ ಮೇಲೆ ಎತ್ತುವ ಕೈ ಬೇಕು.

ದಂಡಕ್ಕಿಂತ ಘೋರವಾದುದು ಇನ್ನೊಂದಿದೆ. ಇಂಥ ಗಾಡಿ ದಾರಿಹೋಕ ಮುದುಕಿಗೆ ಬಡಿದು ಕಾಲು ಮುರಿಯಿತೆನ್ನಿ. ಗಾಡಿ ನಿಯಮದೊಳಗಿದ್ದರೆ ಅದು ಮೋಟಾರು ವಾಹನವಲ್ಲ. ಆದ್ದರಿಂದ ಮೋಟಾರು ಅಪಘಾತ ನ್ಯಾಯಮಂಡಳಿಯ ಬಾಗಿಲು ಆಕೆಗೆ ತೆರೆಯದು. ಸಿವಿಲ್ ಕೋರ್ಟಿಗೆ ಅಲೆಯಬೇಕು. ನಿಯಮ ಮೀರಿದ ಗಾಡಿಯಾದರೆ ನ್ಯಾಯಮಂಡಳಿ ಉಂಟು, ವಿಮಾ ಕಂಪನಿ ಇಲ್ಲ; ಪರಿಹಾರದ ಹೊರೆಯೆಲ್ಲ ಓಡಿಸಿದ ಹುಡುಗನ ತಲೆಯ ಮೇಲೆ. ದಿನಗೂಲಿಯ ಹುಡುಗ ಲಕ್ಷ ಎಲ್ಲಿಂದ ತಂದಾನು? ಮುದುಕಿಗೆ ಸಿಕ್ಕುವುದೇನು? ಇಬ್ಬರು ಬಡವರು ಕೋರ್ಟಿನಲ್ಲಿ ಎದುರುಬದುರು ನಿಲ್ಲುತ್ತಾರೆ; ಗಾಡಿಯ ವೇಗ ಬಿಚ್ಚಿದವನೂ, ಹುಡುಗನನ್ನು ಆತುರಪಡಿಸಿದ ಕಂಪನಿಯೂ ಆ ಕೋರ್ಟಿನ ಹತ್ತಿರ ಸುಳಿಯುವುದಿಲ್ಲ.

ಸರಕಾರದ ಒಲವು ಎತ್ತ ಎಂಬುದಕ್ಕೂ ಸಾಕ್ಷಿ ಇದೆ. 2019ರಿಂದ 2024ರವರೆಗೆ ನಡೆದ ಫೇಮ್ ಎರಡನೆಯ ಹಂತದಲ್ಲಿ ಗಂಟೆಗೆ 40 ಕಿಲೋಮೀಟರಾದರೂ ಓಡದ ದ್ವಿಚಕ್ರಕ್ಕೆ ಸಹಾಯಧನ ಇರಲಿಲ್ಲ. ಅಂದರೆ ನಿಧಾನದ, ಅಗ್ಗದ, ಅಪಾಯ ಕಡಿಮೆಯಾದ ಗಾಡಿಗೆ ಕಾಸಿಲ್ಲ; ಲಕ್ಷ ಬೆಲೆಯ ಗಾಡಿಗೆ ಬೊಕ್ಕಸದ ಹಣ!

ನಿಯಮದಲ್ಲೂ ದೋಷವಿದೆ. 250 ವಾಟ್ ಎಂದರೆ ಅಶ್ವಶಕ್ತಿಯ ಮೂರನೇ ಒಂದು ಪಾಲು. ಸವಾರ, ಗಾಡಿ, ಬ್ಯಾಟರಿ, ಹೊರೆ ಸೇರಿ 160 ಕಿಲೋ ಆದರೆ, ನೂರಡಿಗೆ ಐದಡಿ ಏರುವ ರಸ್ತೆಯಲ್ಲಿ ಇಷ್ಟು ಶಕ್ತಿ ಗಂಟೆಗೆ 12 ಕಿಲೋಮೀಟರೂ ಎಳೆಯದು. ಬಯಲುಸೀಮೆಗೆ ಇದು ಸಾಕು. ಮಡಿಕೇರಿಯ ಏರಿಗೆ ಸಾಲದು. ಯುರೋಪಿನಲ್ಲೂ ಮಿತಿ 250 ವಾಟ್, 25 ಕಿಲೋಮೀಟರೇ. ಆದರೆ ಚೀನಾ 2018ರಲ್ಲಿ ಹೊರಡಿಸಿದ ತನ್ನ ನಿಯಮದಲ್ಲಿ ವೇಗವನ್ನು 25ಕ್ಕೇ ಕಟ್ಟಿ ಶಕ್ತಿಯನ್ನು 400 ವಾಟ್‌ವರೆಗೆ ಬಿಟ್ಟಿತು. ಜೀವ ತೆಗೆಯುವುದು ವೇಗ. ಶಕ್ತಿ ಹೊರೆ ಎಳೆಯುತ್ತದೆ. ಇಷ್ಟು ವಿವೇಚನೆ ದಿಲ್ಲಿಯವರಿಗೆ ಅಸಾಧ್ಯವೇ?

ಆದ್ದರಿಂದ ನಮ್ಮ ಒತ್ತಾಯ ಇಷ್ಟು. ಪ್ರತಿ ಗಾಡಿಯ ಮೇಲೂ ಅದರ ಶಕ್ತಿ, ವೇಗ, ಲೈಸೆನ್ಸು ಬೇಕೇ ಬೇಡವೇ ಎಂಬುದನ್ನು ಕನ್ನಡದಲ್ಲಿ ಅಚ್ಚೊತ್ತಿರಬೇಕು. ತಿದ್ದಿದ ಗಾಡಿ ಸಿಕ್ಕರೆ ಮೊದಲು ಅಂಗಡಿಯ ಬಾಗಿಲು ತಟ್ಟಬೇಕು, ಆಮೇಲೆ ಸವಾರನ ಜೇಬು ತಡಕಬೇಕು. ವೇಗ 25ರಲ್ಲೇ ನಿಲ್ಲಲಿ. ಹೊರೆಗೂ ಏರಿಗೂ ಶಕ್ತಿಯ ಮಿತಿ ಹೆಚ್ಚಲಿ. ಈ ಗಾಡಿಗಳಿಂದ ದುಡಿಸಿಕೊಳ್ಳುವ ಕಂಪನಿಗಳು ಸವಾರನಿಗೂ ದಾರಿಹೋಕನಿಗೂ ವಿಮೆ ಕಟ್ಟಲಿ. ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯಿದೆ ಕಂಪನಿಗಳಿಂದ ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಪಡೆಯಲು ದಾರಿ ಮಾಡಿದೆ. ಆ ದಾರಿಯಲ್ಲಿ ಇದೂ ನಡೆಯಬಲ್ಲದು.

ರಸ್ತೆ ಎಲ್ಲರದು. ಅದರ ಕಾಯಿದೆಯೂ ಎಲ್ಲರಿಗೂ ಒಂದೇ ತೂಕದ್ದಾಗಿರಲಿ. ಬಡವನ ಸೈಕಲ್ಲನ್ನು ಹಿಡಿದು ನಿಲ್ಲಿಸಿದ ಕೈ ಸಾಹುಕಾರನ ಮಳಿಗೆಯ ಮುಂದೆ ನಡುಗಿದರೆ, ಅದನ್ನು ಕಾಯಿದೆಯ ಕೈ ಎಂದು ನಾವು ಕರೆಯಲಾರೆವು.