ದೇಗಾಂವದಲ್ಲಿ ಏನುಂಟು?



ಬಹಳ ವರ್ಷಗಳ ಹಿಂದೆ ನನ್ನ ತರಗತಿಯ ಮಕ್ಕಳಿಗೆ "ನಮ್ಮ ಊರು" ಎಂಬ ನಿಬಂಧವನ್ನು ಬರೆಯಹೇಳಿದ್ದೆನು. ದೇಗಾಂವದಿಂದ ಬರುತ್ತಿದ್ದ ಬಾಲಕನೊಬ್ಬನು ಒಂದೇ ವಾಕ್ಯವನ್ನು ಬರೆದನು: "ನಮ್ಮ ಊರು ಸಣ್ಣದು, ಅಲ್ಲಿ ಏನೂ ಇಲ್ಲ." ಅಕ್ಷರಗಳು ಮುತ್ತಿನಂತೆ ದುಂಡಾಗಿದ್ದವು. ಅದಕ್ಕಾಗಿ ಗುಣಗಳನ್ನು ಕೊಟ್ಟು ಮುಂದಿನ ಪುಸ್ತಕವನ್ನು ಕೈಗೆತ್ತಿಕೊಂಡೆನು.

ಕಳೆದ ಮಾಸದಲ್ಲಿ ಆ ಊರಿಗೆ ಹೋಗಿದ್ದೆನು. ಕಿತ್ತೂರಿನಿಂದ ಹರದಾರಿ ದೂರ. ಅಲ್ಲಿ ಕಮಲನಾರಾಯಣನ ದೇವಾಲಯವುಂಟು. ಗೋವೆಯ ಕದಂಬರ ಅರಸನಾದ ಪೆರ್ಮಾಡಿಯ ರಾಣಿ ಕಮಲಾದೇವಿಯು 12ನೆಯ ಶತಮಾನದಲ್ಲಿ ಇದನ್ನು ಕಟ್ಟಿಸಿ, ಗ್ರಾಮವನ್ನು ಬ್ರಾಹ್ಮಣರಿಗೆ ಅಗ್ರಹಾರವಾಗಿ ಕೊಟ್ಟಳು. ಶಾಸನಗಳಲ್ಲಿ ಊರ ಹೆಸರು ದೇಗಾಂವೆ. ಒಂದೇ ಸಾಲಿನಲ್ಲಿ ಮೂರು ಗರ್ಭಗೃಹಗಳು. ಅವುಗಳ ಮುಂದೆ ಕಂಬಗಳ ನೀಳವಾದ ಮಂಟಪ. ಕಟ್ಟಿದ ಶಿಲ್ಪಿ ತಿಪ್ಪೋಜ. ರಾಣಿಯ ಹೆಸರಿನೊಡನೆ ಕಲ್ಲುಕುಟಿಗನ ಹೆಸರೂ ಉಳಿದಿರುವುದು ನನಗೆ ವಿಶೇಷ ಸಂತೋಷವನ್ನುಂಟುಮಾಡಿತು.

ನಮ್ಮ ಸೀಮೆಯಲ್ಲಿ ಹೆಸರುಗಳ ಗತಿಯೇ ವಿಚಿತ್ರ. ಬೈಲಹೊಂಗಲದಲ್ಲಿ ಕಚೇರಿಯಿದ್ದರೂ ತಾಲೂಕಿಗೆ ಸಂಪಗಾಂವವೆಂದೂ, ಸವದತ್ತಿಯಲ್ಲಿದ್ದುದಕ್ಕೆ ಗುಡ್ಡದ ಕೋಟೆಯಿಂದ ಪರಸಗಡವೆಂದೂ ಹಿಂದೆ ಹೆಸರಿದ್ದಿತು. ರಾಮದುರ್ಗವಂತೂ 1948ರ ವರೆಗೆ ಬೇರೆ ಸಂಸ್ಥಾನವೇ ಆಗಿದ್ದಿತು. ಇರಲಿ.

ನಾನು ವರ್ಷಗಟ್ಟಲೆ 1824ರ ಕಿತ್ತೂರ ಯುದ್ಧವನ್ನೂ, 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಚೆನ್ನಮ್ಮರಾಣಿಯು ದೇಹವಿಟ್ಟುದನ್ನೂ, 1831ರಲ್ಲಿ ಸಂಗೊಳ್ಳಿಯ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದುದನ್ನೂ ಕಂಠಪಾಠ ಮಾಡಿಸಿದೆನು. ಅದು ತಪ್ಪಲ್ಲ. ಆದರೆ ಹರದಾರಿ ದೂರದ ಈ ಗುಡಿಗೆ ಮಕ್ಕಳನ್ನು ಒಂದು ದಿನವಾದರೂ ಕರೆತರಲಿಲ್ಲ.

ಗುಡಿಯ ಅಂಗಳದಲ್ಲಿ ಆ ಶಿಷ್ಯನೇ ಎದುರಾದನು. ಈಗ ಒಕ್ಕಲುತನ ಮಾಡಿಕೊಂಡಿರುವನು. ಜೊತೆಯಲ್ಲಿ ಸಣ್ಣ ಮಗಳು. ಅವಳಿಗೆ ಕಮಲಾದೇವಿಯ ವೃತ್ತಾಂತವನ್ನು ಹೇಳಿದೆನು. "ಹಂಗಾರ ಅಜ್ಜಾರ, ಕಿತ್ತೂರ ಅರಮನಿಗಿಂತ ನಮ್ಮ ಗುಡಿ ಹಳೇದೇನ್ರಿ?" ಎಂದಳು. ದೇಸಾಯರ ಮನೆತನವು ನೆಲೆಗೊಂಡುದು 1585ರಲ್ಲಿ. ಈ ಗುಡಿಯು ಅದಕ್ಕಿಂತ ನಾನೂರು ವರ್ಷ ಹಿರಿದು ಎಂದೆನು. ಹುಡುಗಿ ಹಿಗ್ಗಿ ಕಂಬವನ್ನು ತಬ್ಬಿಕೊಂಡಳು.

ಅವಳ ತಂದೆಯು ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, "ಗುರುಗಳ, ಇದನ್ನ ಆವಾಗ ನಮಗ ಯಾಕ ಹೇಳಲಿಲ್ರಿ?" ಎಂದನು.

ನಾನು ಬಾಗಿಲ ಬಳಿಯಲ್ಲಿ ಬಿಟ್ಟಿದ್ದ ಪಾದರಕ್ಷೆಗಳನ್ನು ಹುಡುಕತೊಡಗಿದೆನು.